ಸಾಲ ಕೊಟ್ಟವನ ಸತ್ಯ

ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಪ್ರಕಟಣೆ ಬರುತ್ತದೆ. ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರ. ಸಾಲಗಾರರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಬಾಕಿ ಮೊತ್ತ, ಫ್ಲ್ಯಾಟಿನ ನಂಬರು, ಕೊನೆಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇನ್ಯಾರದೋ ಸೈಟು. ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡ ಸಂಗತಿಯನ್ನು ಎರಡು ಪತ್ರಿಕೆಗಳಲ್ಲಿ ಹಾಕಿಸಬೇಕು, ಅದರಲ್ಲಿ ಒಂದು ಆ ಊರಿನ ಭಾಷೆಯದಾಗಿರಬೇಕು ಎಂದು ಬ್ಯಾಂಕುಗಳ ಸಾಲ ವಸೂಲಿಗಿರುವ ಸರ್ಫೇಸಿ ಕಾಯ್ದೆಯ 2002ರ ನಿಯಮಗಳು ಹೇಳುತ್ತವೆ. ಸಾಲದ ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ಹತ್ತಾರು ಪುಟ, ಪುಟಪುಟಕ್ಕೂ ಸಹಿ. ಹಾಗಾಗಿ ಎಷ್ಟೋ ಮನೆಗಳಿಗೆ ಬ್ಯಾಂಕು ಅಚ್ಚಗನ್ನಡದಲ್ಲಿ ಬರೆದು ತಿಳಿಸುವ ಮೊದಲ ಮಾತು, ಈ ಮನೆ ಇನ್ನು ನಿಮ್ಮದಲ್ಲ ಎನ್ನುವುದೇ ಆಗಿರುತ್ತದೆ.

ಓದುವ ನಾವು ಅಲ್ಲೇ ತೀರ್ಪನ್ನೂ ಕೊಟ್ಟುಬಿಡುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಅನ್ನುತ್ತೇವೆ. ಸರ್ವಜ್ಞನ ಸಾಲದ ತ್ರಿಪದಿ ನಮಗೆಲ್ಲ ಬಾಯಿಪಾಠ. ಅದರಲ್ಲಿ ಸಾಲ ಪಡೆದವನ ಸುಖವೂ ಇದೆ, ಆಮೇಲಿನ ಯಾತನೆಯೂ ಇದೆ. ಕೊಟ್ಟವನು ಮಾತ್ರ ವಸೂಲಿಯ ಹೊತ್ತಿಗಷ್ಟೇ ಬಂದು ನಿಲ್ಲುತ್ತಾನೆ. ಕೊಡುವಾಗ ಅವನು ಏನು ಯೋಚಿಸಿದ್ದ ಎಂದು ನಾವು ಕೇಳಿದವರಲ್ಲ.

ಆದರೆ ಗೃಹಸಾಲದಲ್ಲಿ ಹಾಸಿಗೆ ಅಳೆದದ್ದು ಯಾರು? ಮೂರು ತಿಂಗಳ ಸಂಬಳದ ಚೀಟಿ, ಫಾರಂ 16, ಪಾಸ್‌ಬುಕ್ಕಿನ ಪ್ರತಿ, ಸಿಬಿಲ್ ಅಂಕ ಎಲ್ಲ ತರಿಸಿಕೊಂಡು, ವಕೀಲರಿಂದ ದಾಖಲೆ ನೋಡಿಸಿ, ಇಂಜಿನಿಯರಿಂದ ಬೆಲೆ ಕಟ್ಟಿಸಿ, ‘ನಿಮಗೆ ಇಷ್ಟು ಲಕ್ಷದವರೆಗೆ ಅರ್ಹತೆ ಇದೆ’ ಎಂದು ಹೇಳಿದ್ದು ಬ್ಯಾಂಕು. ಎಷ್ಟೋ ಜನ ಕೇಳಿದ್ದಕ್ಕಿಂತ ಹೆಚ್ಚು ಮಂಜೂರಾಯಿತೆಂದು ಹಿಗ್ಗಿ ಮನೆಗೆ ಸ್ವೀಟು ತಂದವರೇ. ಅಷ್ಟು ದೊಡ್ಡ ಸಂಸ್ಥೆ ಲೆಕ್ಕ ಹಾಕಿ ಕೊಡುತ್ತಿದೆ ಎಂದರೆ ತೀರಿಸುವ ತಾಕತ್ತು ನನಗಿದೆ ಎಂದೇ ಅರ್ಥ ಎಂದು ಅವರು ನಂಬಿದರು. ಈ ನಂಬಿಕೆಯನ್ನು ದಡ್ಡತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಐವತ್ತು ಲಕ್ಷ ಸಾಲ, ಇಪ್ಪತ್ತು ವರ್ಷ, ಬಡ್ಡಿ ಶೇ 7. ಕಂತು 38,765 ರೂಪಾಯಿ. 2022ರ ಮೇ ತಿಂಗಳ ಆರಂಭದಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4 ಇತ್ತು. ಮರುವರ್ಷದ ಫೆಬ್ರುವರಿಗೆ ಶೇ 6.5 ಆಯಿತು. ರೆಪೊ ದರಕ್ಕೆ ಜೋಡಿಸಿದ ಸಾಲಕ್ಕೆ ಆ ಎರಡೂವರೆ ಪೂರ್ತಿ ಸೇರಿದರೆ ಬಡ್ಡಿ ಶೇ 9.5. ಆಗ ಹೊಸ ಸಾಲದ ಮೇಲೆ ತಿಂಗಳಿಗೆ ಬರಿಯ ಬಡ್ಡಿಯೇ 39,583 ರೂಪಾಯಿ, ಅಂದರೆ ಹಳೆಯ ಕಂತಿಗಿಂತ ಹೆಚ್ಚು. ಕಂತು ಏರಿಸದೆ ಅವಧಿಯನ್ನಷ್ಟೇ ಎಳೆಯುತ್ತ ಹೋದರೆ, ಒಂದು ತಿಂಗಳೂ ತಪ್ಪದೆ ಕಟ್ಟುವವನ ಅಸಲು ಕರಗುವುದಿಲ್ಲ, ಬೆಳೆಯುತ್ತದೆ. ಹೀಗಾಗದಂತೆ ನೋಡಿಕೊಳ್ಳಿ, ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರನನ್ನೇ ಕೇಳಿ ಎಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿದ್ದು 2023ರ ಆಗಸ್ಟಿನಲ್ಲಿ, ದರ ಏರಿ ಮುಗಿದ ಮೇಲೆ. ಕಂತು ಏರಿಸಲು ಒಪ್ಪಿದರೂ ಅದು 46 ಸಾವಿರ ದಾಟುತ್ತದೆ. ಸಂಬಳ ಹಾಗೆ ಒಂಬತ್ತು ತಿಂಗಳಲ್ಲಿ ಏರಿದ ಮನೆ ನನಗಂತೂ ಗೊತ್ತಿಲ್ಲ.

ಇನ್ನು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಬಗೆ: ‘ಕೀಲಿಕೈ ಸಿಗುವವರೆಗೆ ಇಎಂಐ ಇಲ್ಲ.’ ಸಾಲ ಕೊಳ್ಳುವವನ ಹೆಸರಿನಲ್ಲಿ, ಹಣ ನೇರವಾಗಿ ಬಿಲ್ಡರ್ ಕೈಗೆ, ಮನೆ ಮುಗಿಯುವವರೆಗೆ ಬಡ್ಡಿ ಕಟ್ಟುವುದು ಬಿಲ್ಡರ್. ಕಟ್ಟಡ ಏಳದೆ ಹಣ ಬಿಡುಗಡೆ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. 2019ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಗೃಹಸಾಲದ ಕಂಪನಿಗಳಿಗೂ ಇಂಥ ಯೋಜನೆ ಬೇಡವೆಂದಿತು. ಅಷ್ಟರೊಳಗೆ ಆಗುವುದು ಆಗಿತ್ತು. ಬಿಲ್ಡರ್ ಬಡ್ಡಿ ನಿಲ್ಲಿಸಿದ ದಿನ ಬ್ಯಾಂಕಿನ ಫೋನು ಬಂದದ್ದು, ಇಲ್ಲದ ಮನೆಗೆ ಸಾಲಗಾರನಾಗಿ ಇರುವ ಮನೆಗೆ ಬಾಡಿಗೆ ಕಟ್ಟುತ್ತಿದ್ದವನಿಗೆ. ಬ್ಯಾಂಕು ಮತ್ತು ಬಿಲ್ಡರುಗಳ ನಡುವಿನ ಈ ಒಳಒಪ್ಪಂದದ ಪ್ರಾಥಮಿಕ ತನಿಖೆ ಮಾಡಿ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಸಿಬಿಐಗೆ ಹೇಳಿದಾಗ, ತನಿಖೆಯ ಊರುಗಳಲ್ಲಿ ಬೆಂಗಳೂರೂ ಇತ್ತು.

ಸಾಲದ ವಿಷಯದಲ್ಲಿ ನಮ್ಮ ಮನಸ್ಸನ್ನು ರೂಪಿಸಿದ ಕಥೆ ಹರಿಶ್ಚಂದ್ರನದು. ರಾಘವಾಂಕನ ಕಾವ್ಯ ಓದದವರಿಗೂ ಅದು ನಾಟಕದಿಂದ, ಹರಿಕಥೆಯಿಂದ, ಸಿನಿಮಾದಿಂದ ಗೊತ್ತು. ಹೆಂಡತಿ ಮಗನನ್ನು ಮಾರಿ, ತನ್ನನ್ನೇ ಮಾರಿಕೊಂಡು ಋಣ ತೀರಿಸಿದವನು. ಕೊಟ್ಟ ಮಾತು ಎಂದರೆ ಹೀಗಿರಬೇಕು ಎಂದು ನಮಗೆ ಕಲಿಸಿದ್ದಾರೆ. ಆದರೆ ಆ ಸಾಲ ಹುಟ್ಟಿದ್ದು ಹೇಗೆ? ಮೊದಲು ಯಾಗಕ್ಕೆಂದು ಧನ ಕೇಳಿ, ಪಡೆದು, ಈಗ ನಿನ್ನಲ್ಲೇ ಇರಲಿ ಎಂದು ಬಿಟ್ಟುಹೋದವನು ವಿಶ್ವಾಮಿತ್ರ. ಮಾತಿನ ಬಲೆಗೆ ಬೀಳಿಸಿ ರಾಜ್ಯವನ್ನೂ ಭಂಡಾರವನ್ನೂ ಪಡೆದವನು ಅವನೇ. ಎಲ್ಲ ಕೊಟ್ಟು ಹೊರಟವನನ್ನು ತಡೆದು, ಆ ಯಾಗದ ಹಣ ಬೇರೆ, ಅದನ್ನು ಕೊಡು ಎಂದವನೂ ಅವನೇ. ಇವತ್ತಿನ ಕಾಯ್ದೆಯಲ್ಲೂ ಹಾಗೆಯೇ ಇದೆ: ಮನೆ ಹರಾಜಾದರೂ ಬಾಕಿ ಪೂರ್ತಿ ತೀರದಿದ್ದರೆ ಉಳಿದದ್ದಕ್ಕೆ ಬ್ಯಾಂಕು ಸಾಲಗಾರನ ಬೆನ್ನು ಹತ್ತಬಹುದು. ರಾಜ್ಯ ಹೋದರೂ ಋಣ ಉಳಿಯುತ್ತದೆ. ಹಿಂದೆ, ವಿಶ್ವಾಮಿತ್ರ ವಸೂಲಿಗೆ ಕಳಿಸಿದ ನಕ್ಷತ್ರಿಕ ಬರುತ್ತಾನೆ. ವಸೂಲಿಗೆ ಕಾಡುವವರನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕರೆಯುವುದು ಆ ಹೆಸರಿನಿಂದಲೇ.

ಹರಿಶ್ಚಂದ್ರನ ಸತ್ಯವನ್ನು ಇಷ್ಟು ಹೊಗಳುವ ನಾವು ಒಂದನ್ನು ಮರೆಯುತ್ತೇವೆ. ಹರಿಶ್ಚಂದ್ರನ ಸತ್ಯವನ್ನು ಕೆಡಿಸುತ್ತೇನೆಂದು ಇಂದ್ರಸಭೆಯಲ್ಲಿ ಕಟ್ಟಿದ ಪಂತದಲ್ಲಿ ವಿಶ್ವಾಮಿತ್ರನೂ ತನ್ನ ತಪಸ್ಸಿನ ಫಲವನ್ನು ಒತ್ತೆಯಿಟ್ಟಿದ್ದ. ಸೋತ ಮೇಲೆ ಕೊಡಲೂಬೇಕಾಯಿತು. ರಾಘವಾಂಕನ ಲೋಕದಲ್ಲಿ ಸಾಲ ಹೇರಿದವನಿಗೂ ಕಳೆದುಕೊಳ್ಳಲು ಏನೋ ಇತ್ತು. ನಮ್ಮ ಕಾಲದಲ್ಲಿ ಸಾಲ ಮಾಡಿಸಿಕೊಟ್ಟ ಏಜೆಂಟನಿಗೆ ಕಮಿಷನ್ ಸಿಗುವುದು ಹಣ ಬಿಡುಗಡೆಯಾದಾಗ. ಆಮೇಲೆ ಆ ಸಾಲ ಬದುಕಿತೋ ಸತ್ತಿತೋ ಅವನಿಗೆ ಬೇಕಿಲ್ಲ. ಮಂಜೂರು ಮಾಡಿದ ಮ್ಯಾನೇಜರಿಗೆ ವರ್ಗವಾಗಿರುತ್ತದೆ. ಜೊತೆಗೆ ಕಡ್ಡಾಯವೆಂಬಂತೆ ತಲೆಗೆ ಕಟ್ಟಿದ ವಿಮೆಯ ಒಂದೇ ಕಂತಿನ ಪ್ರೀಮಿಯಂ ಸಾಲದ ಮೊತ್ತಕ್ಕೇ ಸೇರಿ ಇಪ್ಪತ್ತು ವರ್ಷ ಬಡ್ಡಿ ಹೆರುತ್ತಿರುತ್ತದೆ.

ಇದಕ್ಕೆ ಎದುರುಮಾತು ಇದೆ, ಅದು ಹಗುರವಾದದ್ದಲ್ಲ. ಬ್ಯಾಂಕಿನ ಹಣ ಬ್ಯಾಂಕಿನದಲ್ಲ. ನಿವೃತ್ತ ಮೇಷ್ಟ್ರ ಠೇವಣಿ, ಅಂಗಡಿಯವನ ಉಳಿತಾಯ. ಸಾಲಗಾರರೆಲ್ಲ ಮುಗ್ಧರೂ ಅಲ್ಲ. ಆದಾಯ ಉಬ್ಬಿಸಿ ತೋರಿಸಿದವರಿದ್ದಾರೆ, ಎರಡನೇ ಫ್ಲ್ಯಾಟು ಕೊಂಡು ಬೆಲೆ ಏರುತ್ತಲೇ ಮಾರುವ ಲೆಕ್ಕ ಹಾಕಿ ಮುಗ್ಗರಿಸಿದವರಿದ್ದಾರೆ. ಇವರ ಸಾಲವನ್ನೆಲ್ಲ ಮನ್ನಾ ಮಾಡಿ ಎಂದು ನಾನು ಹೇಳುತ್ತಿಲ್ಲ. ಒಂದು ಸಾಲ ಮುಳುಗಿದಾಗ ಇಬ್ಬರ ಅಂದಾಜು ತಪ್ಪಿರುತ್ತದೆ. ನಷ್ಟವನ್ನೂ ನಾಚಿಕೆಯನ್ನೂ ಒಬ್ಬನ ತಲೆಗೇ ಕಟ್ಟುವುದು ಯಾವ ಧರ್ಮ ಎಂಬುದಷ್ಟೇ ನನ್ನ ಪ್ರಶ್ನೆ.

ಕಂಪನಿಗಳ ವಿಷಯದಲ್ಲಿ ದೇಶ ಇದಕ್ಕೆ ಉತ್ತರ ಕಂಡುಕೊಂಡಿದೆ. 2016ರ ದಿವಾಳಿ ಸಂಹಿತೆಯಡಿ ಪರಿಹಾರ ಯೋಜನೆ ಮಂಜೂರಾದರೆ, ಅದರಲ್ಲಿ ಸೇರದ ಹಳೆಯ ಬಾಕಿಗಳು ಅಲ್ಲಿಗೆ ಮುಗಿದಂತೆ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಸಾಲ ಕೊಟ್ಟವರು ಸಿಕ್ಕಿದಷ್ಟಕ್ಕೆ ತೃಪ್ತರಾಗುತ್ತಾರೆ, ಯಾರೂ ಅವರನ್ನು ಹಂಗಿಸುವುದಿಲ್ಲ. ಅದೇ ಸಂಹಿತೆಯ ಮೂರನೇ ಭಾಗ ಮನುಷ್ಯರಿಗಾಗಿ ಬರೆದದ್ದು. 2019ರ ಡಿಸೆಂಬರಿನಲ್ಲಿ ಅದು ಜಾರಿಯಾದದ್ದು ಕಂಪನಿಗಳಿಗೆ ಖಾತರಿ ನಿಂತವರ ಮಟ್ಟಿಗೆ ಮಾತ್ರ. ನಮ್ಮ ರಾಜ್ಯದಲ್ಲಿ ಉಳಿದವರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಐನೂರು ರೂಪಾಯಿ ಸಾಲವಿದ್ದರೆ ಅರ್ಜಿ ಹಾಕಬಹುದು ಎನ್ನುವ ಬ್ರಿಟಿಷರ ಕಾಲದ ಕಾನೂನು. ಜಾರಿಗೆ ಬಾರದ ಹೊಸ ಭಾಗದಲ್ಲಿ ‘ಹೊಸ ಆರಂಭ’ ಎಂಬ ಸೊಗಸಾದ ಅಧ್ಯಾಯವೂ ಇದೆ. ಅದಕ್ಕೆ ಅರ್ಹನಾಗಲು ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಿರಬಾರದು. ಸ್ವಂತ ಮನೆಯಂತೂ ಇರಲೇಬಾರದು. ಮನೆಸಾಲದಲ್ಲಿ ಮುಳುಗಿದವನಿಗೆ ಆ ಬಾಗಿಲು ಕಟ್ಟುವಾಗಲೇ ಮುಚ್ಚಿದೆ.

ದಿವಾಳಿಯಾಗಿ ಬಿಡುಗಡೆ ಪಡೆಯದವನು ಶಾಸಕನಾಗುವಂತಿಲ್ಲ, ಸಂಸದನಾಗುವಂತಿಲ್ಲ ಎಂದು ಸಂವಿಧಾನವೂ ಹೇಳುತ್ತದೆ. ಆದರೆ ಬಡತನ ಅಪರಾಧವಲ್ಲ, ತೀರಿಸುವ ಶಕ್ತಿಯಿಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕಬಾರದು ಎಂಬ ತೀರ್ಪು 1980ರಲ್ಲೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿಂದ ಬಂದಿದೆ. ಆ ತೀರ್ಪು ಕೋರ್ಟಿನ ಮೆಟ್ಟಿಲಿಳಿದು ನಮ್ಮ ಬೀದಿಗೆ ಬಂದಿಲ್ಲ. ಬೀದಿಯಲ್ಲಿ ಇನ್ನೂ ನಾಚಿಕೆಯದೇ ಆಳ್ವಿಕೆ. ಅದಕ್ಕೆ ಅಂಜಿಯೇ ಜನ ನೋಟಿಸನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಮುಚ್ಚಿಡುತ್ತಾರೆ, ಚಿನ್ನ ಅಡವಿಟ್ಟು ಇನ್ನೊಂದು ಸಾಲಕ್ಕೆ ಕೈಯೊಡ್ಡುತ್ತಾರೆ.

ದಯವಿಟ್ಟು ಹಾಗೆ ಮುಚ್ಚಿಡಬೇಡಿ. ಬ್ಯಾಂಕಿನ ಬೇಡಿಕೆ ನೋಟಿಸು ಬಂದ ಮೇಲೆ ನಿಮಗೆ ಅರವತ್ತು ದಿನಗಳಿವೆ. ಸಾಲ ಹೇಗೆ ಕೊಟ್ಟರು, ಏನು ಹೇಳಿ ಸಹಿ ಹಾಕಿಸಿಕೊಂಡರು, ಯಾವ ವಿಮೆ ಸೇರಿಸಿದರು, ಎಲ್ಲವನ್ನೂ ಬರೆದು ಆಕ್ಷೇಪಣೆ ಸಲ್ಲಿಸಿ. ಒಪ್ಪದಿದ್ದರೆ ಕಾರಣ ಕೊಟ್ಟು ಹದಿನೈದು ದಿನದೊಳಗೆ ಉತ್ತರಿಸುವುದು ಬ್ಯಾಂಕಿನ ಹೊಣೆ. ಸ್ವಾಧೀನದ ಕ್ರಮ ನಡೆದ ಮೇಲೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ನಲವತ್ತೈದು ದಿನ ಅವಕಾಶವಿದೆ. ಹೊಸದಾಗಿ ಸಾಲ ಮಾಡುವವರು ಸಹಿಗೆ ಮುಂಚೆ ಮುಖ್ಯಾಂಶಗಳ ಪತ್ರವನ್ನು ಕನ್ನಡದಲ್ಲಿ ಕೇಳಿ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಅದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2024ರ ಆದೇಶವಿದೆ.