ಯಾರ ಪಾಲಿನ ಓದು?

ಲಿಂಗಸುಗೂರಿನ ನಮ್ಮ ಓಣಿಯ ತುದಿಗೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. 2016ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಊರಿಗೆ ಹೋಗಿದ್ದಾಗ ತಮ್ಮನ ಮಗಳು ಅದರ ಹತ್ತಿರ ನಿಂತು ಕೇಳಿದಳು: "ಅತ್ತಿ, ಇದು ಯಾಕ ಗುಂಯ್ ಅಂತೈತಿ?" ಆಗ ಅವಳಿಗೆ ಹತ್ತು ವರ್ಷ.

"ಕರೆಂಟ್ ಹರೀತೈತಲ್ಲ, ಅದಕ್ಕ" ಎಂದೆ.

ಅವಳು ನಂಬಿದಳು. ನನಗೇ ನಾಚಿಕೆಯಾಯಿತು. ಹದಿಮೂರು ವರ್ಷದಿಂದ ನನಗೆ ಅನ್ನ ಹಾಕಿದ್ದು ಟ್ರಾನ್ಸ್‌ಫಾರ್ಮರುಗಳೇ. ಟೆಂಡರು, ತಪಾಸಣೆಯ ವರದಿ, ಲಾರಿ ಹೊರಡುವ ತಾರೀಖು, ಇವುಗಳಲ್ಲಿ ಮುಳುಗಿ ಅದು ಯಾಕೆ ಗುಂಯ್‌ಗುಡುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದೆ. ಆ ರಾತ್ರಿ ಹಳೆಯ ಪುಸ್ತಕ ತೆಗೆದೆ. ಒಳಗಿನ ಕಬ್ಬಿಣದ ತಗಡುಗಳು ಕಾಂತವಾದಾಗ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ, ಒಂದೊಂದು ಆವರ್ತಕ್ಕೂ ಎರಡೆರಡು ಹಿಗ್ಗು. ಆ ನೂರು ಸಲದ ನಡುಕವೇ ಸದ್ದು.

ಅಷ್ಟಕ್ಕೇ ಪುಸ್ತಕ ಮುಚ್ಚಬಹುದಿತ್ತು. ಆದರೆ ಕಬ್ಬಿಣ ಕಾಂತವಾಗುವುದಾದರೂ ಯಾಕೆ? ಹುಡುಕುತ್ತಾ ಹೋದಾಗ ಹೆಂಡ್ರಿಕಾ ವಾನ್ ಲೇವನ್ ಎಂಬ ಡಚ್ ಮಹಿಳೆ ಸಿಕ್ಕಳು. ಹಳೆಯ ಭೌತಶಾಸ್ತ್ರದ ನಿಯಮಗಳಷ್ಟನ್ನೇ ನಂಬಿದರೆ ಯಾವ ವಸ್ತುವೂ ಕಾಂತವಾಗುವಂತಿಲ್ಲ ಎಂದು ಆಕೆ 1919ರ ತನ್ನ ಪ್ರಬಂಧದಲ್ಲಿ ತೋರಿಸಿದ್ದಳು. ನೀಲ್ಸ್ ಬೋರ್ 1911ರಲ್ಲೇ ಇದನ್ನು ಕಂಡಿದ್ದ; ಆಕೆ ತಾನೇ ಬೇರೆಯಾಗಿ ಅಲ್ಲಿಗೆ ಮುಟ್ಟಿದಳು. ಅಂದರೆ ನಾವು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಹಿಂದಿನ ಚೂರು ಅರ್ಥವಾಗಬೇಕಾದರೂ ಕ್ವಾಂಟಂ ಸಿದ್ಧಾಂತ ಬೇಕು! ಮುಂದೆ ಆಕೆ ಪಾಠ ಹೇಳಿದ್ದು ಡೆಲ್ಫ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ, ನನ್ನಂಥ ಎಂಜಿನಿಯರುಗಳಾಗುವ ಮಕ್ಕಳಿಗೆ. ಯಾಕೋ ಅದು ಬಹಳ ಹಿಡಿಸಿತು.

2022ರಲ್ಲಿ, ನಲವತ್ತೊಂದನೆಯ ವಯಸ್ಸಿಗೆ, ಕೆಲಸ ಬಿಟ್ಟು ಭೌತಶಾಸ್ತ್ರದ ಎಂ.ಎಸ್ಸಿ. ಸೇರಿದೆ. ಬಿ.ಇ. ಎಂದರೆ ಅರ್ಜಿಯನ್ನೇ ತಗೊಳ್ಳದ ಕಡೆಗಳನ್ನೆಲ್ಲ ದಾಟಿ, ದೂರದಲ್ಲೊಂದು ಸೀಟು ಸಿಕ್ಕಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಒಂಬತ್ತು. ಮೇಡಂ ಎನ್ನುತ್ತಿದ್ದ ಹುಡುಗರು ಅಂದಿನಿಂದ ಅಕ್ಕಾ ಎನ್ನತೊಡಗಿದರು.

ಇದನ್ನು ಕೇಳಿದವರು "ಎಂಥಾ ಧೈರ್ಯ" ಎನ್ನುತ್ತಾರೆ. ಹೋಮಿ ಭಾಭಾ ಅವರ ಹೆಸರೂ ಬರುತ್ತದೆ. ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಅವರು 1928ರಲ್ಲಿ ತಮಗೆ ಬೇಕಾದದ್ದು ಭೌತಶಾಸ್ತ್ರವೆಂದು ತಂದೆಗೆ ಬರೆದರು. ಮೊದಲು ಇದನ್ನು ಪ್ರಥಮ ದರ್ಜೆಯಲ್ಲಿ ಮುಗಿಸು, ಆಮೇಲಿನ ಓದಿಗೂ ಹಣ ಕೊಡುತ್ತೇನೆ ಎಂಬುದು ತಂದೆಯ ಕರಾರು. ಮಗ ಮುಗಿಸಿದ, ತಂದೆ ಕೊಟ್ಟರು. ಒಳ್ಳೆಯ ಕಥೆ. ಆದರೆ ಅದು ಟಾಟಾ ಮನೆತನದ ನೆಂಟರ ಮನೆ. ಅಲ್ಲಿ ಯಾರ ಕೊರಳೂ ಬರಿದಾಗಲಿಲ್ಲ.

ನಮ್ಮ ಮನೆಯಲ್ಲಿ 1999ರಲ್ಲಿ ಅವ್ವನ ಕೊರಳು ಬರಿದಾಗಿತ್ತು. ಎಂಜಿನಿಯರಿಂಗ್ ಫೀಸಿಗೆಂದು ಅಡವಿಟ್ಟ ಬೋರಮಾಳ ಸರ ಮತ್ತೆ ಬರಲಿಲ್ಲ. ಹಟ್ಟಿಯ ಚಿನ್ನದ ಗಣಿ ಇರುವ ತಾಲ್ಲೂಕಿನಲ್ಲೇ ಇದ್ದು, ಅವ್ವನ ಕೊರಳಿಗೆ ಕರಿಮಣಿ ಬಿಟ್ಟರೆ ಬೇರೇನಿಲ್ಲ. ನಾನು ಕೆಲಸ ಬಿಡುವ ಮಾತೆತ್ತಿದಾಗ ಅವಳು ಬಂಗಾರದ ಸುದ್ದಿ ಆಡಲಿಲ್ಲ. "ಈ ವಯಸ್ಸಿನ್ಯಾಗ ಮತ್ತ ಸಾಲಿಗಿ ಹೋಗಿ ಏನ್ ಮಾಡ್ತಿಯವ್ವಾ?" ಎಂದಷ್ಟೇ ಕೇಳಿದಳು. ಉತ್ತರ ಇರಲಿಲ್ಲ. ಸರದ ಸಾಲವನ್ನು ಸಂಬಳದಿಂದ ತೀರಿಸಿಯಾಗಿತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಲೆಕ್ಕ ತಪ್ಪಿದ್ದು ಬೇರೆ ಕಡೆ. ತಮ್ಮನ ಮಗಳ ಫೀಸು ಹೋಗುತ್ತಿದ್ದುದು ನನ್ನ ಸಂಬಳದಿಂದ. ಅದೇ ವರ್ಷ ಅವಳ ಎಸ್.ಎಸ್.ಎಲ್.ಸಿ. ಮುಗಿದಿತ್ತು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಪಿ.ಯು. ಓದುವ ಆಸೆ ಅವಳದು. ಊರಲ್ಲೇ ಸೇರಿದಳು. "ಇಲ್ಲೂ ಛಲೋ ಐತಕ್ಕ" ಎಂದ ತಮ್ಮ ನನ್ನ ಮುಖ ನೋಡಲಿಲ್ಲ.

ಗಂಡನಿಗಾಗಿ, ಮಕ್ಕಳಿಗಾಗಿ ಓದು ಬಿಟ್ಟ ಹೆಂಗಸರನ್ನು ನಾವೆಲ್ಲ ಬಲ್ಲೆವು, ಮರುಗುತ್ತೇವೆ. ಅವರ ಪರವಾಗಿ ನಾನೇ ಎಷ್ಟು ಮಾತಾಡಿಲ್ಲ! ಆದರೆ ನನ್ನ ಓದಿಗೆ ಬೆಲೆ ತೆತ್ತವಳೂ ಒಬ್ಬ ಹುಡುಗಿಯೇ. ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೆರಡು ವರ್ಷ ತಡೆದಿದ್ದರೆ? ತಡೆದಿದ್ದರೆ ಹೋಗುತ್ತಲೇ ಇರಲಿಲ್ಲ ಎನ್ನುವುದೂ ನನಗೆ ಗೊತ್ತು. ಇದು ನೆಪವೋ ನಿಜವೋ, ಇವತ್ತಿಗೂ ಹೇಳಲಾರೆ.

2024ರಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಹೋದಾಗ ಅವಳನ್ನು ಅದೇ ಟ್ರಾನ್ಸ್‌ಫಾರ್ಮರ್ ಹತ್ತಿರ ಕರೆದುಕೊಂಡು ಹೋದೆ. ಅಂದು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡು, ಕಬ್ಬಿಣದ ಕಥೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದಳು. ಎರಡು ಪ್ರಶ್ನೆಯನ್ನೂ ಕೇಳಿದಳು, ಒಂದಕ್ಕೆ ನನಗೆ ಉತ್ತರ ಬರಲಿಲ್ಲ. ಮನೆಗೆ ತಿರುಗುವಾಗ ಅವಳೇ ಅಂದಳು: "ಅತ್ತಿ, ಇದನ್ನ ಕಲಿಯಾಕ ಒಟ್ಟು ಎಷ್ಟು ಖರ್ಚಾತು?"

ನಾನು ನಿಂತು, ಫೀಸು, ಹಾಸ್ಟೆಲು, ಬಿಟ್ಟ ಸಂಬಳ ಎಲ್ಲ ಕೂಡಿಸಿ ಹೇಳಿದೆ.