ಪಕ್ಕದ ಮೇಜಿನವನ ಹೊಣೆ

‘ವಾರ್ಡನ್’ ಎಂದರೆ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾಗುವುದು ಧಾರವಾಡ, ಮೈಸೂರುಗಳ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿ ಹಾಜರಿ ಹಿಡಿಯುತ್ತಿದ್ದ ಗಂಭೀರ ಮುಖದ ವ್ಯಕ್ತಿ. ಮುಂಬಯಿಗೆ ಬಂದು ಬಹುಕಾಲವಾದ ಹಿರಿಯರಿಗೆ ಇನ್ನೊಬ್ಬ ವಾರ್ಡನ್ ಕೂಡ ನೆನಪಿದ್ದಾನು. 1971ರ ಯುದ್ಧದ ದಿನಗಳಲ್ಲಿ, ಬ್ಲ್ಯಾಕೌಟ್ ವೇಳೆ ಚಾಳಿನ ಕೆಳಗೆ ನಿಂತು, ಯಾವ ಕಿಟಕಿಯಲ್ಲಿ ದೀಪ ಕಂಡರೂ ಆರಿಸಿರೆಂದು ಕೂಗುತ್ತಿದ್ದವನು. ಆ ಕೂಗಿಗೆ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ದೀಪ ಒಬ್ಬನದು, ಬಾಂಬು ಎಲ್ಲರದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂದಿನ ಸಂಶೋಧನಾಲಯಗಳಲ್ಲಿ ಮೂರನೆಯ ಬಗೆಯವನೊಬ್ಬನಿದ್ದಾನೆ: ಸುರಕ್ಷಾ ವಾರ್ಡನ್. ನಮ್ಮ ಅನೇಕ ಮನೆಗಳ ಮಕ್ಕಳು ಇಂಥ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವುದರಿಂದ ಇವನ ವಿಷಯ ನಮಗೆ ತೀರ ಹೊರಗಿನದಲ್ಲ. ದೊಡ್ಡ ಸಂಸ್ಥೆಯಲ್ಲಿ ಸುರಕ್ಷಾ ಅಧಿಕಾರಿ ಒಬ್ಬನಿರುತ್ತಾನೆ. ಅವನ ಕಣ್ಣು ನೂರಾರು ಕೋಣೆಗಳನ್ನು ತಲುಪಲಾರದು. ಆದ್ದರಿಂದ ಪ್ರತಿ ಮಹಡಿಗೆ, ಪ್ರತಿ ವಿಭಾಗಕ್ಕೆ ಅಲ್ಲಿಯವರಲ್ಲೇ ಒಬ್ಬರನ್ನು ವಾರ್ಡನ್ ಎಂದು ಆರಿಸುತ್ತಾರೆ. ಆತ ತಂತ್ರಜ್ಞನಿರಬಹುದು, ಗುಮಾಸ್ತನಿರಬಹುದು, ಸಂಶೋಧನಾ ವಿದ್ಯಾರ್ಥಿನಿಯೂ ಇರಬಹುದು. ಸಾಮಾನ್ಯವಾಗಿ ಇದಕ್ಕೆ ಬೇರೆ ಸಂಬಳವಿಲ್ಲ. ಕೆಲಸವೇನು ಮಹಾ ಗಹನವಾದುದಲ್ಲ. ಅನಿಲದ ಸಿಲಿಂಡರನ್ನು ಸರಪಳಿಯಿಂದ ಗೋಡೆಗೆ ಕಟ್ಟಿದೆಯೇ, ಬೆಂಕಿ ಆರಿಸುವ ಉಪಕರಣದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತದೆಯೇ, ಈಥರಿನ ಸೀಸೆ ತೆರೆದ ತಾರೀಖು ಅದರ ಮೇಲಿದೆಯೇ ಎಂದು ನೋಡುವುದು. ಹಳೆಯ ಈಥರಿನಲ್ಲಿ ಸಿಡಿಯುವ ಗುಣದ ಪೆರಾಕ್ಸೈಡು ಕೂಡಿಕೊಳ್ಳುತ್ತದೆ, ಆದ್ದರಿಂದ ಆ ತಾರೀಖು ಶೋಭೆಗಲ್ಲ. ಇನ್ನು ಹೊರಬೀಳುವ ದಾರಿಗೆ ಹಳೆಯ ಬೀರುಗಳನ್ನು ಅಡ್ಡ ಇಡುವ ಅಭ್ಯಾಸ. ನಮ್ಮ ದೇಶದಲ್ಲಿ ಬೀರು ಇಲ್ಲದ ಕಾರಿಡಾರನ್ನು ನಾನಂತೂ ಕಂಡಿಲ್ಲ.

ನೋಡುವುದು ಸುಲಭ. ಕಷ್ಟವಿರುವುದು ನೋಡಿದ್ದನ್ನು ಹೇಳುವುದರಲ್ಲಿ. ಇಪ್ಪತ್ತೈದರ ಹುಡುಗಿ ಅರವತ್ತರ ಪ್ರೊಫೆಸರರಿಗೆ, ‘ಸರ್, ಕನ್ನಡಕ ಹಾಕಿಕೊಳ್ಳಿ’ ಎನ್ನಬೇಕು. ಅವಳ ಪ್ರಬಂಧಕ್ಕೆ ಸಹಿ ಹಾಕುವವರು ಅವರೇ. ಗುರುವಿಗೆ ಎದುರಾಡಬಾರದೆಂದು ಅವಳನ್ನು ಬೆಳೆಸಿದವರು ನಾವೇ. ಅಧಿಕಾರ ಕೊಡದೆ ಹೊಣೆಯನ್ನಷ್ಟೇ ಹೊರಿಸುವುದು ನ್ಯಾಯವೇ? ನನ್ನ ಮಟ್ಟಿಗೆ ಈ ಯೋಜನೆಯ ನೈತಿಕ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

‘ಕಣ್ಣು ನನ್ನದು, ಹೋದರೆ ನನ್ನದು, ನಿನಗೇನು?’ ಎಂಬ ಮಾತನ್ನು ಪ್ರತಿ ವಾರ್ಡನ್ನನೂ ಕೇಳಿರುತ್ತಾನೆ. ಸ್ವಾತಂತ್ರ್ಯದ ಮಾತಿನಂತೆ ಕೇಳಿಸುವುದರಿಂದ ಇದಕ್ಕೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಆದರೆ ಬೆಂಕಿಗೆ ಮೇಜಿನ ಗಡಿ ತಿಳಿಯದು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸ್ಫೋಟವಾಗಿ ಒಬ್ಬ ಸಂಶೋಧಕ ಸತ್ತಾಗ, ಮೂವರು ಸಹೋದ್ಯೋಗಿಗಳೂ ಗಾಯಗೊಂಡರು. ದೆಹಲಿಯ ಓದುಗರಿಗೆ ಮಾಯಾಪುರಿಯ ಸಂಗತಿ ಮರೆತಿರಲಾರದು. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ, ಕೋಬಾಲ್ಟ್ 60 ತುಂಬಿದ ಯಂತ್ರವೊಂದು 2010ರಲ್ಲಿ ಹರಾಜಾಗಿ ಗುಜರಿ ಸೇರಿತು; ಅದನ್ನು ಬಿಚ್ಚಿದರು; ವಿಕಿರಣದಿಂದ ಹಲವರು ನರಳಿದರು, ಒಬ್ಬ ಸತ್ತ. ಸತ್ತವನು ಆ ಪ್ರಯೋಗಾಲಯದವನಲ್ಲ, ಗುಜರಿ ಪೇಟೆಯ ಕೆಲಸಗಾರ. ಅವನ ಪರವಾಗಿ, ‘ಈ ಯಂತ್ರದ ಹೊಟ್ಟೆಯಲ್ಲಿ ಏನಿದೆ?’ ಎಂದು ಹರಾಜಿಗೆ ಮುಂಚೆ ಕೇಳುವವರೊಬ್ಬರು ಬೇಕಿತ್ತು. ‘ನನ್ನ ಅಪಾಯ ನನ್ನದು’ ಎನ್ನುವವನ ಲೆಕ್ಕದಲ್ಲಿ ಇಂಥವರು ಬರುವುದೇ ಇಲ್ಲ.

ಇನ್ನೊಂದು ತೊಡಕೂ ಇದೆ. ಒಬ್ಬನನ್ನು ವಾರ್ಡನ್ ಮಾಡಿದ ಕೂಡಲೇ ಉಳಿದ ಐವತ್ತು ಮಂದಿ ನಿಶ್ಚಿಂತರಾಗಿಬಿಡುತ್ತಾರೆ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬುದು ನಮ್ಮ ಗಾದೆ. ಇದನ್ನೇ 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಅಳೆದು ತೋರಿಸಿದರು. ಕೋಣೆಯಲ್ಲಿ ಕುಳಿತು ಏನೋ ಬರೆಯುತ್ತಿರುವವರ ಮುಂದೆ ಗೋಡೆಯ ಕಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ನಟಿಸುವ ಇಬ್ಬರು ಪಕ್ಕದಲ್ಲಿದ್ದಾಗ ಹಾಗೆ ತಿಳಿಸಿದವರು ನೂರಕ್ಕೆ 10 ಮಾತ್ರ. ಉಳಿದವರು ಹೊಗೆಯಲ್ಲೇ ಬರೆಯುತ್ತ ಕುಳಿತರು! ಅವರು ಕೆಟ್ಟವರಲ್ಲ. ಮೊದಲು ಏಳುವವನಾಗಲು ನಾಚಿದವರು. ವಾರ್ಡನ್ನನ ನಿಜವಾದ ಕೆಲಸ ಇದೇ ಎಂದು ನನಗೆ ತೋರುತ್ತದೆ: ಮೊದಲು ಏಳುವ ನಾಚಿಕೆಯನ್ನು ಮುಂಚೆಯೇ ಒಬ್ಬನ ತಲೆಯಿಂದ ಇಳಿಸಿಡುವುದು. ಅವನು ಎದ್ದರೆ ಉಳಿದವರೂ ಏಳುತ್ತಾರೆ.

ಆದರೆ ಎದ್ದು ಹೇಳಿದ ಮಾತು ಕಾಗದದಲ್ಲೇ ಉಳಿದರೆ? ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ರಸಾಯನ ಪ್ರಯೋಗಾಲಯವನ್ನು 2008ರ ಅಕ್ಟೋಬರಿನಲ್ಲಿ ತಪಾಸಣೆ ಮಾಡಿದವರು, ಇಲ್ಲಿಯವರು ರಕ್ಷಣಾ ಕೋಟು ತೊಡುತ್ತಿಲ್ಲವೆಂದು ಬರೆದಿಟ್ಟಿದ್ದರು. ಅದೇ ಡಿಸೆಂಬರ್ 29ರಂದು, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ರಾಸಾಯನಿಕವೊಂದನ್ನು ಸಿರಿಂಜಿನಿಂದ ಎಳೆಯುತ್ತಿದ್ದ 23 ವರ್ಷದ ಸಹಾಯಕಿಯ ಬಟ್ಟೆಗೆ ಬೆಂಕಿ ಹತ್ತಿತು. ಮೈಮೇಲೆ ಕೋಟಿರಲಿಲ್ಲ. 18 ದಿನಗಳ ನಂತರ ಆಕೆ ಸತ್ತಳು. ಮೇಲ್ವಿಚಾರಕ ಪ್ರೊಫೆಸರರ ಮೇಲೂ ವಿಶ್ವವಿದ್ಯಾಲಯದ ಆಡಳಿತದ ಮೇಲೂ 2011ರಲ್ಲಿ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು; ಮುಂದೆ ಎರಡೂ ಒಪ್ಪಂದದಲ್ಲಿ ಮುಗಿದವು. ತಪಾಸಣೆ ನಡೆದಿತ್ತು, ವರದಿಯೂ ಇತ್ತು. ಕೆಲಸ ನಿಲ್ಲಿಸಿದ ಕೈ ಇರಲಿಲ್ಲ.

ಭೋಪಾಲದ ದುರಂತದ ಬಳಿಕ, 1987ರಲ್ಲಿ, ನಮ್ಮ ಕಾರ್ಖಾನೆ ಕಾಯಿದೆಗೆ ಬಂದ ತಿದ್ದುಪಡಿಯು, ಸನ್ನಿಹಿತ ಅಪಾಯ ಕಂಡರೆ ಎಚ್ಚರಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. ಸಂಶೋಧನಾ ವಿದ್ಯಾರ್ಥಿ ಕಾರ್ಮಿಕನೂ ಅಲ್ಲ, ಅವನಿರುವುದು ಕಾರ್ಖಾನೆಯೂ ಅಲ್ಲ. ಅವನಿಗೆ ಅಂಥ ಹಕ್ಕನ್ನು ಸಂಸ್ಥೆಯೇ ಲಿಖಿತವಾಗಿ ಕೊಡಬೇಕು. ಅಪಾಯ ಕಣ್ಣೆದುರಿಗಿದ್ದರೆ ಯಾರ ಪ್ರಯೋಗವನ್ನಾದರೂ ಆ ಕ್ಷಣ ನಿಲ್ಲಿಸುವ ಅಧಿಕಾರವಿಲ್ಲದ ವಾರ್ಡನ್, ನನ್ನ ಅಭಿಪ್ರಾಯದಲ್ಲಿ, ಸಂಸ್ಥೆ ತನ್ನ ಆತ್ಮಸಾಕ್ಷಿಗೆ ಕಟ್ಟಿಕೊಂಡ ತಾಯಿತ ಮಾತ್ರ.

‘ಹಾಗಾದರೆ ಚಾಡಿ ಹೇಳುವವರನ್ನು ಸಾಕಿದಂತಾಗದೇ?’ ಎಂದು ಕೇಳುವವರಿದ್ದಾರೆ. ಚಾಡಿ ಬೆನ್ನ ಹಿಂದೆ ಹೇಳುವಂಥದು, ಹೇಳುವವನಿಗೆ ಲಾಭ ತರುವಂಥದು. ವಾರ್ಡನ್ ಮೊದಲು ಮುಖಾಮುಖಿ ಹೇಳಲಿ. ಕೇಳದಿದ್ದರೆ ‘ಮೇಲಕ್ಕೆ ಬರೆಯುತ್ತೇನೆ’ ಎಂದು ಅವನಿಗೇ ತಿಳಿಸಿ ಬರೆಯಲಿ. ಸ್ನೇಹ ಕೆಡಬಹುದು, ಕೆಡುತ್ತದೆ ಕೂಡ. ಆ ನಷ್ಟವೆಲ್ಲ ಕಿರಿಯರ ಪಾಲಿಗೇ ಬರುವುದು ಮಾತ್ರ ಸರಿಯಲ್ಲ. ಸರದಿಯ ಪ್ರಕಾರ ಹಿರಿಯ ವಿಜ್ಞಾನಿಗಳೂ, ಸಾಧ್ಯವಾದರೆ ನಿರ್ದೇಶಕರೂ, ಒಂದೊಂದು ವರ್ಷ ವಾರ್ಡನ್ನರಾಗಿ ಪಟ್ಟಿ ಹಿಡಿದು ಕೋಣೆ ಕೋಣೆ ತಿರುಗಲಿ. ಕಾರಿಡಾರಿನ ಆ ಬೀರುಗಳೂ ಆಗ ಕದಲಿಯಾವು.