ಗುರುವಿನ ಕೋಪ, ಶಿಷ್ಯನ ಕಾವ್ಯ

ಓದಿನ ಒಲವು ಮನುಷ್ಯನನ್ನು ಬರೆಹಕ್ಕೆ ತರುತ್ತದೆ. ಬರೆಹ ಪಕ್ವವಾದಾಗ ಅವನನ್ನು ಗುರುಸ್ಥಾನದಲ್ಲಿ ಕೂರಿಸುತ್ತದೆ. ಆ ಸ್ಥಾನದಲ್ಲಿ ಒಂದು ಅಪಾಯವೂ ಅಡಗಿದೆ: ಶಿಷ್ಯನ ಲೇಖನಿಯೂ ತನ್ನದೇ ಎಂಬ ಭ್ರಮೆ.

ಸುಮಾರು 1200ರಲ್ಲಿದ್ದ ಹಂಪೆಯ ಹರಿಹರನು ಶಿವಶರಣರ ಚರಿತೆಗಳಲ್ಲಿ ಮುಳುಗಿ, ಅವನ್ನು ರಗಳೆಗಳಾಗಿ ಹರಿಯಿಸಿದ ಕವಿ. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ರಗಳೆಯನ್ನು ಅನುಕರಿಸದೆ ಷಟ್ಪದಿಯನ್ನು ಆರಿಸಿಕೊಂಡನು. ಅವನು 'ಹರಿಶ್ಚಂದ್ರಕಾವ್ಯ'ವನ್ನು ರಚಿಸಿದಾಗ, ಶರಣರನ್ನು ಬಿಟ್ಟು ಅರಸನೊಬ್ಬನನ್ನು ಹೊಗಳಿದನೆಂದು ಗುರು ಕುಪಿತನಾಗಿ ಅವನ ಹಲ್ಲುಗಳನ್ನು ಮುರಿದನೆಂದೂ, ಶರಣರನ್ನು ಕುರಿತು ಬರೆದ ಬಳಿಕ ಅವು ಮತ್ತೆ ಮೂಡಿದುವೆಂದೂ ಐತಿಹ್ಯವಿದೆ. ಅದರ ಸತ್ಯಾಸತ್ಯತೆ ಹೇಗೇ ಇರಲಿ, ಅದು ಎತ್ತುವ ಪ್ರಶ್ನೆ ನಿಜವಾದುದು.

ಗುರುವಿನ ಕೋಪ ಸ್ವಾರ್ಥದ್ದಲ್ಲ, ನಿಷ್ಠೆಯದು. ಆದರೆ ನಿಷ್ಠೆಯಿಂದ ಹುಟ್ಟಿದ ಹಿಂಸೆಯೂ ಹಿಂಸೆಯೇ. ಗುರು ಶರಣರಲ್ಲಿ ಕಂಡ ಶಿವನನ್ನು ಶಿಷ್ಯನು ಹರಿಶ್ಚಂದ್ರನ ಸತ್ಯದಲ್ಲಿ ಕಂಡಿದ್ದನು. ಪರಿಗ್ರಹವೆಂದರೆ ಹೊನ್ನು ಮಣ್ಣುಗಳ ಸಂಚಯವಷ್ಟೇ ಅಲ್ಲ; ಕಲಿಸಿದ ಋಣವನ್ನು ಮುಂದುಮಾಡಿ ಇನ್ನೊಬ್ಬನ ಮನಸ್ಸನ್ನು ತನ್ನದೆನ್ನುವುದೂ ಪರಿಗ್ರಹವೇ. ಪದ್ಯದ ದೋಷವನ್ನು ತಿದ್ದುವುದು, ಭಿನ್ನಾಭಿಪ್ರಾಯವನ್ನು ಮರೆಮಾಚದೆ ನುಡಿಯುವುದು ಗುರುವಿನ ಧರ್ಮ. ಕಾಣುವ ಕಣ್ಣು ಮಾತ್ರ ಶಿಷ್ಯನದು.

ರಾಘವಾಂಕನೆಂದೊಡನೆ ಕನ್ನಡಿಗರು ಇಂದಿಗೂ ಮೊದಲು ನೆನೆಯುವುದು ಆ 'ಹರಿಶ್ಚಂದ್ರಕಾವ್ಯ'ವನ್ನೇ.